ಹರಿದ ಹಾಳೆಯ ಬೆನ್ನಿಗೆ

ಪ್ರೀತಿಯ ಪುಟ್ಟಿ,

ಬಸ್ ಹೊರಡುವಾಗ ನೀನು "ಅಪ್ಪಾ, ದಿನಾ ಫೋನ್ ಮಾಡಿ ವಿಚಾರಿಸಬೇಡ" ಅಂದೆ. ನಾನು ಮುಖ ತಿರುಗಿಸಿಕೊಂಡೆ. ಅದು ಮನಸ್ಸಲ್ಲೇ ಕೊರೀತಾ ಇದೆ, ಅದಕ್ಕೇ ಈ ಪತ್ರ.

ಮನೆಗೆ ಬಂದು ನಿನ್ನ ಕಪಾಟು ಒರೆಸುತ್ತಿದ್ದೆ. ಫಸ್ಟ್ ಪಿಯುಸಿಯ ಫಿಸಿಕ್ಸ್ ನೋಟ್‌ಬುಕ್ ಸಿಕ್ಕಿತು. ಆ ಪುಟ ಹಾಗೇ ಇದೆ. ಎರಡು ಸೀಸದ ಗುಂಡು, ಒಂದು 158 ಕೆಜಿ, ಇನ್ನೊಂದು 0.73 ಕೆಜಿ. ಕೇಂದ್ರದಿಂದ ಕೇಂದ್ರಕ್ಕೆ 0.23 ಮೀಟರ್. ಒಂದನ್ನೊಂದು ಎಷ್ಟು ಬಲದಿಂದ ಎಳೆಯುತ್ತವೆ? ಲೆಕ್ಕ ಕೊಟ್ಟವನು ನಾನೇ. ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ 1798ರಲ್ಲಿ ಪ್ರಕಟಿಸಿದ ಪ್ರಯೋಗದ ಗುಂಡುಗಳವು. ನೀನು ಎರಡೂ ದ್ರವ್ಯರಾಶಿ ಗುಣಿಸಿದ್ದೆ. ಗುರುತ್ವ ಸ್ಥಿರಾಂಕ 6.67 × 10⁻¹¹ ಸರಿಯಾಗಿ ಹಾಕಿದ್ದೆ. ದೂರದ ವರ್ಗ ಮಾತ್ರ ಮರೆತಿದ್ದೆ. 0.0529ರಿಂದ ಭಾಗಿಸುವ ಬದಲು 0.23ರಿಂದ ಭಾಗಿಸಿದ್ದೆ. ಅಷ್ಟಕ್ಕೇ ನಾನು ಕೆಂಪು ಪೆನ್ನಿನಲ್ಲಿ ಗೀಟು ಎಳೆದ ರಭಸಕ್ಕೆ ಹಾಳೆ ಹರಿದಿದೆ. ನಿನ್ನ ಗೆಳತಿಯರ ಎದುರೇ "ಮೇಷ್ಟ್ರ ಮಗಳಿಗೆ ಇಷ್ಟೂ ಬರಲ್ವಾ" ಅಂದಿದ್ದೆ. ಆ ಹರಿದ ಜಾಗವನ್ನು ಸವರುತ್ತಾ ಎಷ್ಟೋ ಹೊತ್ತು ಕೂತಿದ್ದೆ.

ಒಂದು ವಿಷಯ ಆಗ ನಿನಗೆ ಹೇಳಲಿಲ್ಲ. ಕ್ಯಾವೆಂಡಿಶ್ ಕೂಡ ಲೆಕ್ಕದಲ್ಲಿ ಎಡವಿದ್ದ. ಆ ಪ್ರಯೋಗದಿಂದ ಅವನು ಲೆಕ್ಕ ಹಾಕಿದ್ದು ಭೂಮಿಯ ಸಾಂದ್ರತೆ. ಅದು ನೀರಿನ 5.448 ಪಟ್ಟು ಅಂತ ಬರಬೇಕಿತ್ತು, 5.48 ಅಂತ ಅಚ್ಚಾಯಿತು. ಮುಂದೆ ಖಗೋಳ ವಿಜ್ಞಾನಿ ಫ್ರಾನ್ಸಿಸ್ ಬೈಲಿ ಅದನ್ನು ಕಂಡುಹಿಡಿದ. ಪ್ರಯೋಗದ ಹೆಸರಿಗೇನೂ ಕುಂದು ಬರಲಿಲ್ಲ. ಅವನು ಅಳೆಯುತ್ತಿದ್ದ ಎಳೆತ ತೀರಾ ಸಣ್ಣ ಮರಳಿನ ಕಾಳಿನ ತೂಕದಷ್ಟು. ಮೈಬಿಸಿಗೆ ಗಾಳಿ ಕದಲಿದರೂ ತಂತಿಗೆ ತೂಗುಹಾಕಿದ ತಕ್ಕಡಿ ಅಲುಗೀತು ಅಂತ ಕೋಣೆಯ ಹೊರಗೆ ನಿಂತು ಟೆಲಿಸ್ಕೋಪಿನಲ್ಲಿ ನೋಡುತ್ತಿದ್ದ. ನಾನು ನಿನ್ನ ಹೆಗಲ ಮೇಲೇ ಬಗ್ಗಿ ನಿಂತಿರುತ್ತಿದ್ದೆ.

ಎಂಎಸ್ಸಿ ಫಿಸಿಕ್ಸ್‌ಗೆ ನಮ್ಮ ಮನೆಯಿಂದ ಹೋದವಳು ನೀನೊಬ್ಬಳೇ. ಬೀದಿಗೆಲ್ಲ ಹೇಳಿದ್ದೀನಿ, ನಿನಗೇ ಹೇಳಿಲ್ಲ. ಲ್ಯಾಬ್‌ನಲ್ಲಿ ಮೊದಲು ಯೂನಿಟ್ ಬರೆ. ಸೆಂಟಿಮೀಟರನ್ನು ಮೀಟರ್ ಮಾಡಿಕೋ. ಗುಂಡಿನ ಮೈಯಿಂದ ದೂರ ಅಳೀಬೇಡ, ಕೇಂದ್ರದಿಂದ ಅಳೆ. ಉತ್ತರ ಬಂದಮೇಲೆ ಇಷ್ಟಿರಬಹುದಾ ಅಂತ ಒಮ್ಮೆ ಯೋಚಿಸು. ರಾತ್ರಿ ಊಟ ಬಿಡಬೇಡ. ತಡವಾದರೆ ಹಾಸ್ಟೆಲ್‌ಗೆ ಒಬ್ಬಳೇ ನಡೆದು ಹೋಗಬೇಡ.

ಆ ಹಾಳೆ ಮಗುಚಿದೆ. ಬೆನ್ನಿಗೆ ಅದೇ ಲೆಕ್ಕ ಮತ್ತೆ ಮಾಡಿದ್ದೀಯ. ಪೆನ್ಸಿಲ್‌ನಲ್ಲಿ, ಸಣ್ಣ ಅಕ್ಷರದಲ್ಲಿ. 1.45 × 10⁻⁷ ನ್ಯೂಟನ್. ಕೆಳಗೆ ಎರಡು ಗೆರೆ. ನೀನು ತೋರಿಸಲಿಲ್ಲ. ನಾನೂ ಪುಟ ತಿರುಗಿಸಲಿಲ್ಲ. ತಪ್ಪಾಯಿತು ಪುಟ್ಟಿ.

ಪಕ್ಕದಲ್ಲಿ ಸರಿ ಗುರುತು ಹಾಕೋಣ ಅಂತ ಪೆನ್ನು ತೆಗೆದೆ. ನಿನ್ನನ್ನು ಕೇಳದೆ ಹಾಕೋದು ಬೇಡ ಅನ್ನಿಸಿತು. ದೀಪಾವಳಿಗೆ ಬಂದಾಗ ಕೇಳ್ತೀನಿ.

ನಿನ್ನ ಅಪ್ಪ