ಯಂತ್ರ ಬಂತು, ಅಪ್ಪನ ಎಕ್ಸರ್ಸೈಜ್ ನಿಂತಿತು

ಮಾನ್ಯ ಸಂಪಾದಕರೇ,

ನಮ್ಮ ಆಸ್ಪತ್ರೆಗೆ ಲಕ್ವ ಹೊಡೆದವರ ಕೈಗೆ ತರಬೇತಿ ಕೊಡುವ ರೋಬಾಟ್ ಯಂತ್ರ ಬಂದ ವರದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಓದಿ ತಲೆ ಕೆಟ್ಟುಹೋಯಿತು. ಉದ್ಘಾಟನೆಯ ದಿನ ಬೆಳಗ್ಗೆ ಒಂಬತ್ತೂವರೆಗೆ ನಾನು ಅಪ್ಪನನ್ನು ಕರೆದುಕೊಂಡು ಅದೇ ಬಾಗಿಲಲ್ಲಿ ನಿಂತಿದ್ದೆ. ಯಂತ್ರಕ್ಕೆ ಜಾಗ ಮಾಡಬೇಕು ಅಂತ ಒಳಗೆ ಬಿಡಲಿಲ್ಲ. 'ಫಿಸಿಯೊಥೆರಪಿ ಇವತ್ತಿಲ್ಲ, ಮುಂದಿನ ಬುಧವಾರ ಬನ್ನಿ' ಅಂದರು. ಎಂಟು ದಿನ! ಒಂದು ಫೋನ್ ಮಾಡಿದ್ದರೆ ಸಾಕಿತ್ತು, ನಮ್ಮ ನಂಬರ್ ಅವರ ಪುಸ್ತಕದಲ್ಲೇ ಇದೆ.

ಲಿಫ್ಟ್ ಕೆಟ್ಟಿದೆ. ಅಪ್ಪ ಮೂರು ಮಹಡಿ ಹತ್ತಿಯೇ ಬಂದಿದ್ದರು. ಎಡಗೈಯಲ್ಲಿ ಕಂಬಿ ಹಿಡಿದು, ಎಡಗಾಲು ಮೇಲಿಟ್ಟು, ಬಲಗಾಲನ್ನು ಎಳೆದುಕೊಂಡು, ಪ್ರತಿ ತಿರುವಿನಲ್ಲೂ ಕೂತು, ನಲವತ್ತು ನಿಮಿಷ. ಆಮೇಲೆ ಹಾಗೇ ಇಳಿದರು. ಹತ್ತುವುದಕ್ಕಿಂತ ಇಳಿಯುವುದೇ ಅವರಿಗೆ ಜಾಸ್ತಿ ಭಯ. ಆವತ್ತು ನಾನು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದ್ದೆ, ಅದೂ ಸುಮ್ನೆ ಹೋಯಿತು.

ಎಂಟು ದಿನ ತಾನೇ ಅಂತ ಅಲ್ಲಿದ್ದವರೊಬ್ಬರು ಅಂದರು. ಅದಕ್ಕೇ ಈ ಪತ್ರ. ಅಪ್ಪನಿಗೆ ಲಕ್ವ, ಅಂದರೆ ಸ್ಟ್ರೋಕ್, ಹೊಡೆದು ಆವತ್ತಿಗೆ 68 ದಿನ. 2021ರಲ್ಲಿ ಅಮೆರಿಕದಲ್ಲಿ 72 ಜನ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಎಲ್ಲರಿಗೂ ಕೈಗೆ 20 ಗಂಟೆ ಹೆಚ್ಚುವರಿ ತರಬೇತಿ, ಆದರೆ ಕೊಟ್ಟ ಸಮಯ ಮಾತ್ರ ಬೇರೆ ಬೇರೆ. ಸ್ಟ್ರೋಕ್ ಆಗಿ ಎರಡು-ಮೂರು ತಿಂಗಳಲ್ಲಿ ಕೊಟ್ಟವರಿಗೆ ಎಲ್ಲರಿಗಿಂತ ಒಳ್ಳೆಯ ಫಲ ಸಿಕ್ಕಿತು. ಅಪ್ಪ ಈಗ ಸರಿಯಾಗಿ ಆ ದಿನಗಳಲ್ಲೇ ಇದ್ದಾರೆ. ಅದರಲ್ಲಿ ಎಂಟು ದಿನ ಕಿತ್ತುಕೊಂಡರೆ ಆಮೇಲೆ ಯಾರು ವಾಪಸ್ ಕೊಡುತ್ತಾರೆ?

ವರದಿಯಲ್ಲಿ ಅಧಿಕಾರಿಗಳು 'ಈ ಯಂತ್ರವೇ ಮೆದುಳನ್ನು ಎಚ್ಚರಿಸುತ್ತದೆ' ಎಂದಿದ್ದಾರೆ. ಮೆದುಳು ಹಾಗೆ ಎಚ್ಚರಾಗುವುದಿಲ್ಲ ಸ್ವಾಮಿ. ಸತ್ತ ನರಕೋಶ ಸತ್ತ ಹಾಗೆಯೇ. ಪಕ್ಕದಲ್ಲಿ ಉಳಿದ ಭಾಗಗಳು ಆ ಕೆಲಸವನ್ನು ಕಲಿಯಬೇಕು, ಕಲಿಯಬೇಕಾದರೆ ಕೈ ದುಡಿಯಬೇಕು. 1996ರಲ್ಲಿ ಅಮೆರಿಕದ ವಿಜ್ಞಾನಿ ರ‍್ಯಾಂಡಾಲ್ಫ್ ನೂಡೋ ಅವರ ತಂಡ ಇದನ್ನು ಮಂಗಗಳಲ್ಲಿ ತೋರಿಸಿತು. ಮೆದುಳಿನಲ್ಲಿ ಕೈಯನ್ನು ಆಡಿಸುವ ಜಾಗಕ್ಕೆ ಸ್ವಲ್ಪ ಪೆಟ್ಟು ಬಿದ್ದ ಮೇಲೆ, ಸುಮ್ಮನೆ ಬಿಟ್ಟ ಮಂಗಗಳಲ್ಲಿ ಪಕ್ಕದ ಚೆನ್ನಾಗಿದ್ದ ಜಾಗವೂ ಕುಗ್ಗುತ್ತಿತ್ತು. ಪುಟ್ಟ ಪುಟ್ಟ ಗುಳಿಗಳಿಂದ ತಿನಿಸು ಹೆಕ್ಕುವ ಅಭ್ಯಾಸ ಮಾಡಿಸಿದ ಮಂಗಗಳಲ್ಲಿ ಆ ಜಾಗ ಉಳಿಯಿತು, ಕೆಲವದರಲ್ಲಿ ಹಿಗ್ಗಿತು ಕೂಡ. ಅಂದರೆ ಕೈ ಸುಮ್ಮನಿದ್ದರೆ ಇರುವುದೂ ಹೋಗುತ್ತದೆ.

ಅಪ್ಪನ ಕೈಯಲ್ಲೇ ಇದನ್ನು ನಾನು ನೋಡಿದ್ದೇನೆ. ಮೊದಲು ಬಲಗೈ ಮುಷ್ಟಿ ಬಿಗಿದೇ ಇರುತ್ತಿತ್ತು, ಹೆಬ್ಬೆರಳು ಒಳಗೆ ಸಿಕ್ಕಿಕೊಂಡು. ಥೆರಪಿ ಮಾಡುವ ಹುಡುಗಿ ಚೆನ್ನಾಗಿರುವ ಎಡಗೈ ಕೆಲಸಕ್ಕೆ ಬರದ ಹಾಗೆ ಅದಕ್ಕೆ ದಪ್ಪ ಗವಸು ಹಾಕಿ, ಬಲಗೈಯಲ್ಲೇ ಬಟ್ಟೆ ಕ್ಲಿಪ್ ಹಿಡಿಸುತ್ತಿದ್ದಳು. ಆರನೇ ವಾರ ಹೆಬ್ಬೆರಳು ಒಂದಿಷ್ಟು ಈಚೆ ಬಂತು. ಹೋದ ವಾರ ಒಂದು ಕ್ಲಿಪ್ ದಾರಕ್ಕೆ ಕಚ್ಚಿಕೊಂಡು ಹಾಗೇ ನಿಂತಿತು. ಅಪ್ಪ ಅದನ್ನೇ ನೋಡುತ್ತಾ ಕೂತರು, ಮಾತಾಡಲಿಲ್ಲ. ನಾನು ಆಚೆ ಹೋಗಿ ಅತ್ತೆ.

ಆ ಹುಡುಗಿಯ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಅವಳೊಬ್ಬಳೇ ಒಂದು ಬೆಳಗ್ಗೆ ಹದಿನಾಲ್ಕು ಜನರನ್ನು ನೋಡಬೇಕು. ಅಪ್ಪನ ಬಲಗೈಗೆ ಸಿಗುವುದು ಹತ್ತು-ಹನ್ನೆರಡು ನಿಮಿಷ. ಅಷ್ಟರಲ್ಲಿ ಆ ಕೈ ಕೆಲಸ ಮಾಡುವುದು 27 ಸಲ, ನಾನು ಕೂತು ಎಣಿಸಿದ್ದೇನೆ. ಇದು ನಮ್ಮೊಬ್ಬರ ಕಥೆಯಲ್ಲ ಅಂತ ಆಮೇಲೆ ಗೊತ್ತಾಯಿತು. 2009ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ಮತ್ತು ಜೊತೆಗಾರರು ಚಿಕಿತ್ಸೆ ನಡೆಯುವಲ್ಲೇ ಕೂತು ಎಣಿಸಿದಾಗ, ಕೈಯಿಂದ ಕೆಲಸ ಮಾಡಿಸುವ ಅಭ್ಯಾಸ ಒಂದು ಸೆಷನ್‌ಗೆ ಸರಾಸರಿ 32 ಸಲ ಮಾತ್ರ ನಡೆಯುತ್ತಿತ್ತು. ಪ್ರಾಣಿಗಳಲ್ಲಿ ಮೆದುಳು ಬದಲಾಗಿದ್ದನ್ನು ಕಂಡ ಪ್ರಯೋಗಗಳಲ್ಲಿ ದಿನಕ್ಕೆ 400, 600 ಸಲ. ಎಲ್ಲಿಯ 27, ಎಲ್ಲಿಯ 400!

ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ, ಜನರ ಜೊತೆಗೆ ಅದೂ ಇರಲಿ. ಆದರೆ 2019ರಲ್ಲಿ ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ಮಾಡಿದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಗೆ ಹೋಲಿಸಿದರೆ ರೋಬಾಟ್ ತರಬೇತಿಯಿಂದ ಕೈ ಕೆಲಸ ಹೆಚ್ಚೇನೂ ಸುಧಾರಿಸಲಿಲ್ಲ. ಯಂತ್ರಕ್ಕೆ ಜಾಗ ಮಾಡಲು ಮನುಷ್ಯರು ಕೊಡುವ ಚಿಕಿತ್ಸೆಯನ್ನೇ ನಿಲ್ಲಿಸಿದವರು ಇದನ್ನು ಓದಿದ್ದಾರಾ?

ಇನ್ನೊಂದು ಮಾತಿಗೆ ತುಂಬಾ ಬೇಸರವಾಯಿತು. 'ಆರು ತಿಂಗಳಾದ ಮೇಲೆ ಏನೂ ಸುಧಾರಿಸುವುದಿಲ್ಲ' ಅಂತ ಅದೇ ವರದಿಯಲ್ಲಿದೆ. ಲಂಡನ್ನಿನ ನರರೋಗ ಆಸ್ಪತ್ರೆ ಕ್ವೀನ್ ಸ್ಕ್ವೇರ್‌ನಲ್ಲಿ ಮೂರು ವಾರಕ್ಕೆ 90 ಗಂಟೆ ಕೈಗೆ ತರಬೇತಿ ಕೊಡುತ್ತಾರೆ. ಅಲ್ಲಿಗೆ ಬಂದವರಲ್ಲಿ ಬಹಳ ಜನಕ್ಕೆ ಸ್ಟ್ರೋಕ್ ಆಗಿ ವರ್ಷವೇ ದಾಟಿತ್ತು. ಅವರೂ ಸುಧಾರಿಸಿದರು, ಆರು ತಿಂಗಳ ಮೇಲೂ ಆ ಸುಧಾರಣೆ ಉಳಿದಿತ್ತು. ಮೊದಲಿನ ತಿಂಗಳು ಮುಖ್ಯ ಅನ್ನುವುದು ಬೇರೆ, ಆಮೇಲೆ ಬಾಗಿಲೇ ಮುಚ್ಚಿತು ಅನ್ನುವುದು ಬೇರೆ. ಇಂಥ ಮಾತು ಓದಿ ಎಷ್ಟು ಮನೆಯವರು ಕೈ ಚೆಲ್ಲಿ ಕೂತಿರಬಹುದು!

ಇವರ ಹತ್ತಿರ ಹೇಳಿ ಏನು ಪ್ರಯೋಜನ ಅಂತಲೂ ಅನ್ನಿಸುತ್ತದೆ. ಎರಡು ವರ್ಷದ ಹಿಂದೆ ಅಮ್ಮನ ಮಂಡಿ ಆಪರೇಶನ್ ಆದಾಗಲೂ ಇದೇ ಲಿಫ್ಟ್ ಕೆಟ್ಟಿತ್ತು. ಆಗಲೂ ಬರೆದುಕೊಟ್ಟಿದ್ದೆ. ಹೋದ ತಿಂಗಳು ಪಿಂಚಣಿ ಕಚೇರಿಯಲ್ಲಿ ಅಪ್ಪನ ಎಡಗೈ ಸಹಿ ಹಳೆಯದಕ್ಕೆ ಹೊಂದುವುದಿಲ್ಲ, 'ಬಲಗೈಯಲ್ಲೇ ಹಾಕಿಸಿ' ಅಂದರು. ಮುದುಡಿದ ಬಲಗೈಯನ್ನು ಅಪ್ಪ ಎತ್ತಿ ಮೇಜಿನ ಮೇಲಿಟ್ಟು ತೋರಿಸಿದರು. ಆ ಮನುಷ್ಯ ಫೈಲಿನಿಂದ ತಲೆ ಎತ್ತಲಿಲ್ಲ.

ಸೆಷನ್‌ಗಳನ್ನು ನಾಳೆಯಿಂದಲೇ ಶುರು ಮಾಡಲಿ. ಆಗದಿದ್ದರೆ ಬೇರೆ ಕೋಣೆಯನ್ನಾದರೂ ಕೊಡಲಿ, ಒಂದು ಮೇಜು ಎರಡು ಕುರ್ಚಿ ಇದ್ದರೆ ಸಾಕು. ಇನ್ನೂ ನಾಲ್ಕು ಜನ ಥೆರಪಿಸ್ಟ್‌ಗಳನ್ನು ತೆಗೆದುಕೊಳ್ಳಲಿ, ಲಿಫ್ಟ್ ಸರಿ ಮಾಡಲಿ, ಸಂಬಂಧಪಟ್ಟವರು ಯಾರಾದರೂ ಏನಾದರೂ ಮಾಡಲಿ. ನಿಮ್ಮ ವರದಿಗಾರರಿಗೂ ಹೇಳಿ, ಮುಂದಿನ ಸಲ ಬಂದಾಗ ಮೆಟ್ಟಿಲ ಮೇಲೆ ಕೂತವರನ್ನೂ ಒಂದು ಮಾತು ಕೇಳಲಿ. ಆವತ್ತು ನಾವು ಎರಡನೇ ಮಹಡಿಯ ತಿರುವಿನಲ್ಲಿ ಕೂತಿದ್ದಾಗ ಕ್ಯಾಮೆರಾ ಹಿಡಿದವರು ನಮ್ಮನ್ನು ದಾಟಿಕೊಂಡೇ ಮೇಲೆ ಹೋದರು.

— ರೋಗಿಯೊಬ್ಬರ ಮಗಳು