ಮಗಳಿಗೊಂದು ಪತ್ರ: ನಿಮ್ಮ ಓನರ್ ಮನೆಯ ಚೂಂಡಾವತ್ ಕಥೆ

ಪುಟ್ಟಿ,

ಮೊನ್ನೆ ಫೋನಲ್ಲಿ ಕೇಳಿದ್ಯಲ್ಲ, ಉದಯಪುರದಲ್ಲಿ ನಿಮ್ಮ ಮನೆ ಓನರ್ರು ಚೂಂಡಾವತ್ ಅಂತೆ, ಊಟಕ್ಕೆ ಕರೆದಾಗೆಲ್ಲ "ನಮ್ಮೋರು ಸಿಂಹಾಸನಾನೇ ಬಿಟ್ಟುಕೊಟ್ಟೋರು" ಅಂತಾರಂತೆ, ಅದೇನಮ್ಮಾ ಅಂತ. ಇದು ಫೋನಲ್ಲಿ ಮುಗಿಯೋ ಕಥೆ ಅಲ್ಲ, ಅದಕ್ಕೆ ಟೈಪ್ ಮಾಡ್ತಿದೀನಿ, ಉದ್ದ ಆದ್ರೆ ಬಸ್ಸಲ್ಲಿ ಓದ್ಕೋ.

ಸುಮಾರು 1400ರ ಆಚೀಚೆ ಮೇವಾಡದ ರಾಜಧಾನಿ ಚಿತ್ತೋಡದಲ್ಲಿ ರಾಣಾ ಲಾಖಾ ಅಂತ ರಾಜ. ಮಾರವಾಡದ ರಾಠೋಡರ ಕಡೆಯಿಂದ, ರಣಮಲ್ಲನ ತಂಗಿ ಹಂಸಾಬಾಯಿನ ದೊಡ್ಡ ಮಗ ಚೂಂಡಾಗೆ ತರ್ಕೊಳ್ಳಿ ಅಂತ ತೆಂಗಿನಕಾಯಿ ಬಂತು, ರಜಪೂತರಲ್ಲಿ ಸಂಬಂಧ ಕೇಳೋದು ಹಾಗೇನೆ. ಮುದುಕ ಲಾಖಾ ಮೀಸೆ ಮುಟ್ಕೊಂಡು ನನ್ನಂಥ ನರೆಗೂದಲಿನೋನಿಗೆ ಇನ್ಯಾರು ಕಾಯಿ ಕಳಿಸ್ತಾರೆ ಬಿಡಿ ಅಂತ ತಮಾಷೆ ಮಾಡಿದನಂತೆ. ಚೂಂಡಾಗೆ ಅದು ಕಿವಿಗೆ ಬಿತ್ತು, ಅಪ್ಪ ತಮಾಷೆಗಾದ್ರೂ ಆಸೆಪಟ್ಟ ಹುಡುಗಿ ನಂಗೆ ತಾಯಿ ಇದ್ದಂಗೆ, ನಾ ಒಲ್ಲೆ ಅಂದ. ಕಾಯಿ ವಾಪಸ್ ಕಳಿಸಿದ್ರೆ ರಾಠೋಡರಿಗೆ ಅವಮಾನ, ಕೊನೆಗೆ ಲಾಖಾನೇ ಮದುವೆ ಆದ, ಹಂಸಾಬಾಯಿಗೆ ಹುಟ್ಟೋ ಮಗನಿಗೇ ಪಟ್ಟ ಅಂತ ಚೂಂಡಾ ಮಾತು ಕೊಟ್ಟ. ಅದಕ್ಕೇ ಎಲ್ಲರೂ ಅವನನ್ನ ಮೇವಾಡದ ಭೀಷ್ಮ ಅಂತಾರೆ, ಅವನ ವಂಶದೋರೇ ಚೂಂಡಾವತರು.

ಆದ್ರೆ ನನಗೆ ಅನ್ಸೋದು ಬೇರೆ. ಭೀಷ್ಮನಿಗೆ ಮಕ್ಕಳಿಲ್ಲ, ಚೂಂಡಾಗೆ ಇದ್ರು, ಮತ್ತೆ ಆ ಮನೆತನದೋರು ಸಿಂಹಾಸನ ಬಿಟ್ರೂ ಅದರ ಪಕ್ಕದ ಜಾಗ ಬಿಡ್ಲಿಲ್ಲ. ರಾಣಾ ಯಾರಿಗೇ ಜಮೀನಿನ ಪಟ್ಟಾ ಬರ್ಕೊಟ್ರೂ ಅದರ ಮೇಲೆ ಚೂಂಡಾವತರ ಭಲ್ಲೆಯ, ಅಂದ್ರೆ ಈಟಿಯ, ಗುರುತು ಬೀಳ್ಬೇಕಿತ್ತು. ಯುದ್ಧ ಆದ್ರೆ ಹರಾವಲ್, ಅಂದ್ರೆ ಸೈನ್ಯದ ಮುಂದಿನ ಸಾಲು, ಅವರದ್ದೇ. 1572ರಲ್ಲಿ ಉದಯಸಿಂಗ ಸಾಯೋ ಮುಂಚೆ ಪ್ರೀತಿಯ ರಾಣಿಯ ಮಗ ಜಗಮಾಲನಿಗೆ ಪಟ್ಟ ಅಂದಿದ್ದ, ಸಲೂಂಬರ್‌ನ ಚೂಂಡಾವತ್ ರಾವತ್ ಕೃಷ್ಣದಾಸ ಮತ್ತೆ ಉಳಿದ ಸರದಾರರು ಸೇರ್ಕೊಂಡು ಅವನನ್ನ ಎಬ್ಬಿಸಿ ಪ್ರತಾಪನನ್ನ ಕೂರ್ಸಿದ್ರು. ಯೋಚಿಸು, ಸಿಂಹಾಸನ ಬಿಟ್ಟೋರ ಮನೆಯೋರೇ ಅದರ ಮೇಲೆ ಯಾರು ಕೂರ್ಬೇಕು ಅಂತ ಹೇಳೋರು.

ಹಂಸಾಬಾಯಿನೂ ಬರೀ ತೆಂಗಿನಕಾಯಿ ಜೊತೆ ಬಂದ ಹೆಣ್ಣಲ್ಲ ಕಣೆ. ಲಾಖಾ ಸತ್ತ ಮೇಲೆ ಮಗ ಮೋಕಲ್ ಇನ್ನೂ ಚಿಕ್ಕೋನು, ರಾಜ್ಯ ನೋಡ್ಕೊಳ್ತಿದ್ದೋನು ಚೂಂಡಾ. ಇವನು ಎಲ್ಲಿ ಗದ್ದುಗೆ ಕಿತ್ಕೊಳ್ತಾನೋ ಅಂತ ಇವಳಿಗೆ ಅನುಮಾನ, ಅವನು ಬೇಜಾರಾಗಿ ಮಾಂಡುಗೆ ಹೊರಟೋದ, ಆ ಸಂದಿಯಲ್ಲಿ ಇವಳ ಅಣ್ಣ ರಣಮಲ್ಲ ಒಳಗೆ ನುಗ್ಗಿದ, ಎಲ್ಲಾ ಕಡೆ ರಾಠೋಡರೇ. 1433ರಲ್ಲಿ ಮೋಕಲ್‌ನ ಕೊಲೆ ಆಯ್ತು, ಅವನ ಮಗ, ಅಂದ್ರೆ ಹಂಸಾಬಾಯಿ ಮೊಮ್ಮಗ, ಕುಂಭಾ ಪಟ್ಟಕ್ಕೆ ಬಂದ, ರಣಮಲ್ಲ ಚೂಂಡಾನ ತಮ್ಮ ರಾಘವದೇವನನ್ನೂ ಕೊಲ್ಲಿಸಿದ. ಆಗ ಮತ್ತೆ ಚೂಂಡಾನ್ನೇ ಕರೆಸ್ಕೊಂಡ್ರು, 1438ರಲ್ಲಿ ಚಿತ್ತೋಡದಲ್ಲೇ ರಣಮಲ್ಲನನ್ನ ಮುಗಿಸಿದ್ರು. ಅವತ್ತು ಜೀವ ಉಳಿಸ್ಕೊಂಡು ಓಡಿದ ಅವನ ಮಗ ಜೋಧಾ, 1459ರಲ್ಲಿ ಜೋಧಪುರ ಕಟ್ಟಿದ್ದು ಅವನೇ. ತವರು ಒಂದು ಕಡೆ, ಹೊಟ್ಟೇಲಿ ಹುಟ್ಟಿದ ವಂಶ ಒಂದು ಕಡೆ, ಮಧ್ಯದಲ್ಲಿ ಈ ಹೆಂಗಸು ಏನ್ ಪಾಡು ಪಟ್ಟಿರ್ಬೇಕು. ಭಾಟರು, ಅಂದ್ರೆ ವಂಶದ ಕಥೆ ಹೇಳೋರು, ಹಾಡೋದು ಚೂಂಡಾನ ತ್ಯಾಗ ಮಾತ್ರ.

ಒಬ್ಬ ಚೂಂಡಾ ಇಷ್ಟು ಜನ ಆಗಿದ್ದು ಹೇಗೆ ಅಂದ್ರೆ, ಠಿಕಾಣಾ, ಅಂದ್ರೆ ಠಾಕೂರನ ಕೈಲಿರೋ ಹಳ್ಳಿಗಳ ಜಾಗೀರು, ಪೂರ್ತಿ ದೊಡ್ಡ ಮಗನಿಗೆ, ಚಿಕ್ಕವರಿಗೆ, ಅಂದ್ರೆ ಛುಟ್‌ಭಾಯಿಗಳಿಗೆ, ಒಂದೋ ಎರಡೋ ಹಳ್ಳಿ. ಅವರಲ್ಲಿ ಯಾರೋ ಯುದ್ಧದಲ್ಲಿ ಹೆಸರು ಮಾಡಿದ್ರೆ ಹೊಸ ಪಟ್ಟಾ ಸಿಗೋದು, ಅಲ್ಲಿಂದ ಹೊಸ ಶಾಖೆ. ಸಲೂಂಬರ್, ದೇವಗಢ, ಬೇಗೂಂ, ಆಮೇಟ್ ಎಲ್ಲಾ ಹೀಗೇ ಆದವು, ಮೇವಾಡದ ಮೊದಲ ದರ್ಜೆಯ ಹದಿನಾರು ಉಮರಾವರಲ್ಲಿ, ಅಂದ್ರೆ ದೊಡ್ಡ ಸರದಾರರಲ್ಲಿ, ಇವರೆಲ್ಲ ಸೇರ್ತಿದ್ರು. ಆದ್ರೂ ಜಮೀನು ಲೆಕ್ಕಕ್ಕೆ ರಾಣಾಂದೇ. ಠಾಕೂರ ಸತ್ರೆ ಮಗ ರಾಣಾಗೆ ನಜರಾನಾ ಅಂತ ಕಾಣಿಕೆ ಕಟ್ಬೇಕಿತ್ತು, ರಾಣಾ ಅವನಿಗೆ ಕತ್ತಿ ಕಟ್ಟಿದ್ರೇನೇ ಅವನು ಯಜಮಾನ.

ಮುಂದಿನ ಸಾಲಿನ ಜಗಳ ಇದೆಯಲ್ಲ, ಅದನ್ನ ಓನರ್ರು ಹೇಳೇ ಹೇಳ್ತಾರೆ. ಪ್ರತಾಪನ ಮಗ ಅಮರಸಿಂಗನ ಕಾಲದಲ್ಲಿ ಶಕ್ತಾವತರು, ಅಂದ್ರೆ ಪ್ರತಾಪನ ತಮ್ಮ ಶಕ್ತಿಸಿಂಗನ ವಂಶದೋರು, ಹರಾವಲ್ ನಮಗೆ ಬೇಕು ಅಂತ ಕೂತ್ರು, ರಾಣಾ ಮೊಗಲರ ಕೈಲಿದ್ದ ಊಂಟಾಲಾ ಕೋಟೆಗೆ ಯಾರು ಮೊದಲು ಹೊಕ್ತಾರೋ ಅವರಿಗೆ ಅಂದ. ಬಾಗಿಲ ತುಂಬ ಮೊಳೆ, ಆನೆ ಗುದ್ದೋಕೆ ಹಿಂಜರೀತು, ಶಕ್ತಾವತ್ ಬಲ್ಲು ತಾನೇ ಮೊಳೆಗೆ ಬೆನ್ನು ಕೊಟ್ಟು ನಿಂತು ಆನೆ ನುಗ್ಗಿಸಿ ಅಂದ. ಬಾಗಿಲು ಮುರೀತು, ಆದ್ರೆ ಅಷ್ಟರಲ್ಲಿ ಚೂಂಡಾವತರು ಸತ್ತ ತಮ್ಮ ಸರದಾರನ ದೇಹನ ಗೋಡೆ ಮೇಲಿಂದ ಒಳಗೆ ಎಸೆದು ಗೆದ್ದಿದ್ರು. ಬ್ರಿಟಿಷ್ ಅಧಿಕಾರಿ ಕರ್ನಲ್ ಟಾಡ್ ಬರೆದಿಟ್ಟ ಮೇಲೆ ಇದು ಎಲ್ಲರ ಬಾಯಲ್ಲಿ. ಮುಂದಿನ ಸಾಲಿಗೋಸ್ಕರ ಹೆಣ ಎಸೆಯೋದಾ ಅಂತ ನಂಗೆ ಅನ್ಸುತ್ತೆ, ನೀನು ಅಲ್ಲಿ ಹಾಗನ್ಬೇಡ. ಊಂಟಾಲಾ ಈಗಿನ ವಲ್ಲಭನಗರ, ನಿಮಗೆ ಹತ್ರಾನೇ.

ಈ ವಂಶಾವಳಿ ಎಲ್ಲ ಬಹಿ ಅನ್ನೋ ಉದ್ದದ ಪುಸ್ತಕದಲ್ಲಿರುತ್ತೆ, ಭಾಟರು, ಬಡವಾ ಅನ್ನೋ ವಂಶಾವಳಿ ಬರೆಯೋರು ಬಂದು ಓದ್ತಾರೆ, ಹೊಸ ಮಗು ಹೆಸರು ಸೇರಿಸ್ತಾರೆ, ಕಾಣಿಕೆ ತಗೊಂಡು ಹೋಗ್ತಾರೆ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹೆಸರು ಹೇಳ್ತಿದ್ರಲ್ಲ, ಹಂಗೇ. ಅಲ್ಲಿ ಸೊಸೆಯಂದ್ರು ತವರಿನ ಕುಲದ ಹೆಸರಲ್ಲೇ ಉಳೀತಾರೆ. ಸಲೂಂಬರ್‌ನ ಹಾಡಿ ರಾಣಿ, ಯುದ್ಧಕ್ಕೆ ಹೊರಟ ಗಂಡ ನೆನಪಿಗೆ ಏನಾದ್ರೂ ಕೊಡು ಅಂದ್ರೆ ತಲೆನೇ ಕತ್ತರಿಸಿ ಕಳಿಸಿದಳು ಅನ್ನೋ ಐತಿಹ್ಯ, ಅವಳು ಹಾಡಾ ಕುಲದೋಳು ಅದಕ್ಕೆ ಹಾಡಿ, ಸ್ವಂತ ಹೆಸರು ಎಷ್ಟು ಜನಕ್ಕೆ ಗೊತ್ತು? ರಾಜಸ್ಥಾನದಲ್ಲಿ ಮಹಿಳಾ ಪೊಲೀಸ್ ಬೆಟಾಲಿಯನ್‌ಗೆ ಅವಳ ಹೆಸರೇ ಇಟ್ಟಿದಾರೆ. ಆ ಕಥೆ ನಂಗೆ ಇಷ್ಟ ಇಲ್ಲ, ಅಷ್ಟೇ ಹೇಳ್ತೀನಿ.

ಬಹಿಯಲ್ಲಿ ಇನ್ನೊಂದು ಸಿಗಲ್ಲ, ಇವರಿಗೆಲ್ಲ ಕಾಳು ಬೆಳೆದು ಕೊಟ್ಟೋರು. ಬಿಜೋಲಿಯಾ ಅಂತ ಪಕ್ಕದ ಠಿಕಾಣಾ, ಅವರು ಚೂಂಡಾವತರಲ್ಲ, ಪರಮಾರರು, ಅಲ್ಲಿ ರೈತರ ಮೇಲೆ 84 ಥರದ ಲಾಗತ್, ಅಂದ್ರೆ ತೆರಿಗೆ, ಇತ್ತು ಅಂತಾರೆ, 1903ರಲ್ಲಿ ಮಗಳ ಮದುವೆಗೆ ಐದು ರೂಪಾಯಿ ಚಂವರಿ ತೆರಿಗೆ ಬೇರೆ. ಜನ ಮದುವೆನೇ ನಿಲ್ಲಿಸಿಬಿಟ್ರು! ಆ ಗಾಳಿ 1921ಕ್ಕೆ ಚೂಂಡಾವತರ ಬೇಗೂಂಗೂ ಬಂತು. ಅಲ್ಲಿನ ಠಾಕೂರ ಅನೂಪಸಿಂಗ ರೈತರ ಜೊತೆ ರಾಜಿ ಮಾಡ್ಕೊಂಡ, ಉದಯಪುರದ ಸರ್ಕಾರ ಮಾತ್ರ ಇದೇನು ಬೋಲ್ಶೆವಿಕ್ ಒಪ್ಪಂದ ಅಂತ ಅದನ್ನ ಒಪ್ಪಲಿಲ್ಲ. 1923ರ ಜುಲೈ 13ಕ್ಕೆ ಗೋವಿಂದಪುರದಲ್ಲಿ ಸೇರಿದ್ದ ರೈತರ ಮೇಲೆ ಗುಂಡು ಹಾರಿಸಿದ್ರು, ರೂಪಾಜಿ, ಕೃಪಾಜಿ ಅನ್ನೋ ಧಾಕಡ್ ಜಾತಿಯ ರೈತರು ಸತ್ರು. ಸಿಂಹಾಸನ ಬಿಟ್ಟ ಕಥೆ ಹೇಳುವಾಗ ಇದನ್ನೂ ಹೇಳ್ಬೇಕಲ್ವ, ಆ ಠಾಕೂರ ರಾಜಿಗೆ ಒಪ್ಪಿದ್ದನ್ನೂ ಸೇರಿಸಿ.

1952ರ ಕಾನೂನು ಬಂದು ಜಾಗೀರುಗಳನ್ನ ಸರ್ಕಾರ ತಗೊಂತು, ಪರಿಹಾರ ಕೊಟ್ರು, ಸ್ವಂತ ಉಳುಮೆ ಜಮೀನು ಸ್ವಲ್ಪ ಉಳೀತು. ದೇವಗಢದ ಮಹಲು ಈಗ ಹೋಟೆಲ್ಲು. ದೊಡ್ಡ ಮನೆಯೋರು ಹಂಗೋ ಹಿಂಗೋ ನಿಭಾಯಿಸಿದ್ರು, ಛುಟ್‌ಭಾಯಿಗಳೇ ಹೆಚ್ಚು ಪೆಟ್ಟು ತಿಂದಿದ್ದು, ಹಳ್ಳಿ ಹೋದ್ಮೇಲೆ ಫೌಜು, ಪೊಲೀಸು, ಇಲ್ಲ ನಿಮ್ಮ ಓನರ್ ಥರ ಮಹಡಿ ಬಾಡಿಗೆ. ಅದಕ್ಕೇ ಅವರು ಆ ಕಥೆ ಮತ್ತೆ ಮತ್ತೆ ಹೇಳೋದು ನಂಗೆ ಅರ್ಥ ಆಗುತ್ತೆ, ಬೇಸರ ಮಾಡ್ಕೊಳ್ದೆ ಕೇಳು.

ಹಾಂ, ಅವರ ಹೆಂಡತಿ ಚೂಂಡಾವತ್ ಆಗಿರೋಕೆ ಸಾಧ್ಯಾನೇ ಇಲ್ಲ, ಅವರು ಒಂದೇ ಕುಲದೊಳಗೆ ಮದುವೆ ಆಗಲ್ಲ. ರಾಠೋಡರೋ, ಭಾಟಿಯೋ, ಝಾಲಾನೋ ಇರ್ಬೇಕು. ಮುಂದಿನ ಸಲ ರೊಟ್ಟಿ ಬಡಿಸುವಾಗ ಆಂಟಿ ನಿಮ್ಮ ತವರು ಯಾವ ಠಿಕಾಣಾ ಅಂತ ಕೇಳು, ಅವರೇನು ಹೇಳಿದ್ರು ಅಂತ ನಂಗೆ ಫೋನ್ ಮಾಡು, ರಾತ್ರಿ ಒಂಬತ್ತರ ಮೇಲೆ ಮಾಡು, ಅದಕ್ಕೂ ಮುಂಚೆ ನಿಮ್ಮಪ್ಪ ನ್ಯೂಸ್ ಹಾಕ್ಕೊಂಡಿರ್ತಾರೆ ಏನೂ ಕೇಳಿಸಲ್ಲ.

ಅಮ್ಮ