ಟೀಮಿನ ಐದನೆಯವಳಿಗೆ, ಅತ್ತೆಯಿಂದ

ಪ್ರೀತಿಯ ಪುಟ್ಟಿ,

ಟೆರಾ ಹೋಟ್ ಊರಲ್ಲಿ ನಡೆದ ರೀಜನಲ್ಸಲ್ಲಿ ನಿಮ್ ಟೀಮ್ ಎರಡನೇ ಪ್ಲೇಸ್ ಬಂತು, ಡಿಸೆಂಬರ್ ಮೊದಲ ಶನಿವಾರ ಪೋರ್ಟ್‌ಲ್ಯಾಂಡಿಗೆ ನೈಕಿ ಕ್ರಾಸ್ ನ್ಯಾಷನಲ್ಸಿಗೆ, ಅದೇ ಹೈಸ್ಕೂಲ್ ಮಕ್ಕಳ ದೇಶಮಟ್ಟದ ಕ್ರಾಸ್ ಕಂಟ್ರಿ ಓಟಕ್ಕೆ ಬರ್ತಿದೀರ ಅಂತ ನಿಮ್ಮಪ್ಪ ಫೋನ್ ಮಾಡ್ದಾಗ ನಾನು ಆಫೀಸಲ್ಲಿ ಮೀಟಿಂಗಲ್ಲಿದ್ದೆ, ಹೊರಗೆ ಬಂದು ಕಾರಿಡಾರಲ್ಲಿ ನಿಂತು ಕೂಗಾಡ್ಬಿಟ್ಟೆ. ಆದ್ರೆ ನಿಮ್ಮಪ್ಪ ಫೋನ್ ಇಡೋಕ್ ಮುಂಚೆ ಒಂದು ಮಾತು ಸೇರಿಸಿದ ನೋಡು, "ಅವಳು ಟೀಮಲ್ಲಿ ಐದನೆಯವಳು ಅಷ್ಟೇ ಕಣೆ, ಮುಂದಿನ ನಾಲ್ಕು ಹುಡುಗೀರು ಸಕತ್ತಾಗಿ ಓಡ್ತಾರೆ" ಅಂತ. ನೀನೂ ಹಿಂಗೇ ಅಂದ್ಕೊಂಡು ಮುಖ ಊದಿಸ್ಕೊಂಡು ಕೂತಿದೀಯ ಅಂತ ನಿಮ್ಮಮ್ಮ ಆಮೇಲೆ ಹೇಳಿದ್ಲು. ಅದಕ್ಕೇ ಈ ಕಾಗದ. ಕನ್ನಡ ಕೂಟದ ಭಾನುವಾರದ ಕ್ಲಾಸಲ್ಲಿ ಓದಕ್ಕೆ ಕಲ್ತಿದೀಯ, ನಿಧಾನಕ್ಕೆ ಓದು, ಅಪ್ಪನ ಹತ್ರ ಓದಿಸ್ಕೊಬೇಡ, ಮಧ್ಯದಲ್ಲಿ ಅವನ ಮುಂದೆ ಓದೋದಲ್ಲದ ವಿಷ್ಯನೂ ಇದೆ.

ನಾನು ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋಗೆ ಬಂದ ಮೇಲೆ ಈ ಓಟ ನೋಡೋ ಹುಚ್ಚು ಹತ್ಕೊಂತು, ಪೋರ್ಟ್‌ಲ್ಯಾಂಡಿನ ಆ ತುದಿಯಲ್ಲಿ ಗ್ಲೆಂಡೋವೀರ್ ಗಾಲ್ಫ್ ಕೋರ್ಸಲ್ಲಿ ನಡೆಯುತ್ತೆ, ಮಳೇಲಿ ಕೊಡೆ ಹಿಡ್ಕೊಂಡು ಫ್ಲಾಸ್ಕಲ್ಲಿ ಕಾಫಿ ಇಟ್ಕೊಂಡು ಹೋಗ್ತೀನಿ. ಮೊದಲು ಪೋರ್ಟ್‌ಲ್ಯಾಂಡ್ ಮೆಡೋಸ್ ಅನ್ನೋ ಕುದುರೆ ರೇಸ್ ಮೈದಾನದಲ್ಲಿ ಮಾಡ್ತಿದ್ರು, 2014ರಿಂದ ಇಲ್ಲಿ. ಎಲ್ಲರೂ ಫೋಟೋ ತೆಗಿಯೋದು ಮೊದಲು ಬಂದವಳದ್ದೇ. ಕೇಟ್ಲಿನ್ ಟೂಹಿ ಅಂತ ನ್ಯೂಯಾರ್ಕ್ ಹುಡುಗಿ 2017, 2018, 2019 ಮೂರು ವರ್ಷವೂ ಗೆದ್ಲು, ಅವಳು ಓಡೋದು ನೋಡೋದೇ ಒಂದು ಹಬ್ಬ. ಆದ್ರೆ 2017ರಲ್ಲಿ ಟೀಮ್ ಟ್ರೋಫಿ ಎತ್ಕೊಂಡು ಹೋಗಿದ್ದು ಅವಳ ಟೀಮ್ ಅಲ್ಲ, ಅದೇ ರಾಜ್ಯದ ಫೆಯೆಟ್‌ವಿಲ್-ಮ್ಯಾನ್ಲಿಯಸ್ ಹೈಸ್ಕೂಲ್ ಹುಡುಗೀರು. ಇವರು 2006ರಿಂದ 2012ರವರೆಗೆ ಒಂದು ವರ್ಷವೂ ಬಿಡದೆ ಏಳು ಸಲ ಗೆದ್ದವರು, ಕೋಚ್ ಬಿಲ್ ಆರಿಸ್. ಒಬ್ಬಳನ್ನ ಸ್ಟಾರ್ ಮಾಡಿ ಅವಳ ಹಿಂದೆ ಉಳಿದವರನ್ನ ಎಳ್ಕೊಂಡು ಹೋದ ಟೀಮಲ್ಲ ಅದು, ಐದೂ ಜನ ಹತ್ತಿರ ಹತ್ತಿರ ಓಡೋ ಟೀಮು.

ಲೆಕ್ಕ ನಿಂಗೆ ಗೊತ್ತು, ಆದ್ರೂ ಇನ್ನೊಂದ್ಸಲ ಹೇಳ್ತೀನಿ ಕೇಳು, ನಿಮ್ಮಪ್ಪಂಗೂ ಹೇಳು, ಅವನಿಗೆ ಕ್ರಿಕೆಟ್ ಸ್ಕೋರ್ ಬಿಟ್ರೆ ಬೇರೆ ತಲೆಗೆ ಹೋಗಲ್ಲ. ಏಳು ಜನ ಓಡ್ತೀರ, ಮೊದಲ ಐದು ಜನರ ಪ್ಲೇಸ್ ಕೂಡಿಸ್ತಾರೆ, ಕಮ್ಮಿ ಬಂದೋರು ಗೆದ್ದ ಹಾಗೆ. ಒಂದು ಟೀಮಿನ ಮೊದಲ ನಾಲ್ವರು 8, 15, 30, 42 ಬಂದ್ರು ಅಂತ ಇಟ್ಕೋ, ಭರ್ಜರಿ ಅಲ್ವಾ, ಆದ್ರೆ ಐದನೆಯವಳು 140 ಬಂದ್ಲು, ಒಟ್ಟು 235. ಇನ್ನೊಂದು ಟೀಮು 25, 38, 47, 55, 62, ಮೊದಲ ಇಪ್ಪತ್ತರಲ್ಲಿ ಒಬ್ಬಳೂ ಇಲ್ಲ, ಒಟ್ಟು 227, ಅವರೇ ಮೇಲೆ. ಮೊದಲನೆಯವಳು ಜೀವ ಬಿಟ್ಟು ಓಡಿ 8ರಿಂದ 5ಕ್ಕೆ ಬಂದ್ರೆ ಟೀಮಿನ ಲೆಕ್ಕದಲ್ಲಿ ಕಮ್ಮಿ ಆಗೋದು ಮೂರೇ ಪಾಯಿಂಟ್, ಅದೇ ಐದನೆಯವಳು ಮಧ್ಯದಲ್ಲಿ ಒಂದೆರಡು ಸೆಕೆಂಡ್ ಜಾಸ್ತಿ ಒತ್ತಿದ್ರೆ ನಾಲ್ಕೈದು ಜನರನ್ನ ದಾಟ್ತಾಳೆ, ಯಾಕಂದ್ರೆ ಮುಂದೆ ಹುಡುಗೀರು ಚದುರಿ ಓಡ್ತಿರ್ತಾರೆ, ನೀನಿರೋ ಜಾಗದಲ್ಲಿ ಸಂತೆ. ಹಾಗಾಗಿ ನಿಮ್ಮಪ್ಪನ ಆ "ಅಷ್ಟೇ" ನಾನು ಒಪ್ಪಲ್ಲ. ನಿಮ್ ಟೀಮಿನ ಪಾಯಿಂಟ್ ಜಾಸ್ತಿ ಏರುಪೇರಾಗೋದು ನಿನ್ನ ಕಾಲಲ್ಲಿ.

ಈಗ ಇಲ್ಲಿಯ ಕಥೆ. 22 ಟೀಮು, ಜೊತೆಗೆ ಟೀಮ್ ಇಲ್ಲದೆ ಒಬ್ಬೊಬ್ಬರಾಗಿ ಕ್ವಾಲಿಫೈ ಆದವರು, ಎಲ್ಲಾ ಸೇರಿ ಇನ್ನೂರರ ಹತ್ರ ಹುಡುಗೀರು ಒಂದೇ ಗೆರೆ ಮೇಲೆ. ಅವರಲ್ಲಿ ಪ್ರತಿಯೊಬ್ಬಳೂ ಅವಳವಳ ಊರಲ್ಲಿ ಮುಂದೆ ಓಡಿ ಅಭ್ಯಾಸ ಆದವಳೇ. ನೀನೂ ನಿಮ್ಮ ಕಡೆ ಮೀಟ್‌ಗಳಲ್ಲಿ ಮೊದಲ ಹತ್ತು ಹದಿನೈದರಲ್ಲಿ ಇರ್ತೀಯ, ನಿನ್ನ ಮುಂದೆ ಎಷ್ಟು ಬೆನ್ನು ಕಾಣುತ್ತೆ ಅಂತ ಎಣಿಸಬಹುದು. ಇಲ್ಲಿ ಮೊದಲ ಕಿಲೋಮೀಟರಲ್ಲಿ ನಿನ್ನ ಮುಂದೆ ನೂರು ಬೆನ್ನು ಇರುತ್ತೆ, ಅವಾಗ ತಲೆ ಹೇಳುತ್ತೆ, ಮುಗೀತು, ಇವತ್ತು ಮಣ್ಣು ಮುಕ್ಕಿದೆ ಅಂತ. ಅದನ್ನ ನಂಬಬೇಡ ಪುಟ್ಟಿ. ನೂರನೇ ಜಾಗದಲ್ಲಿ ಇರೋದು ಇಲ್ಲಿ ಸೋಲಲ್ಲ, ಅದು ನಿನ್ನ ಡ್ಯೂಟಿ ಶುರು ಆಗೋ ಜಾಗ. ಗನ್ ಹಾರಿದ ತಕ್ಷಣ ಎಲ್ಲರೂ ದೆವ್ವ ಹಿಡಿದವರ ಹಾಗೆ ಹೋಗ್ತಾರೆ, ಶುರುವಿನಲ್ಲಿ ಅಗಲ ಇರೋ ದಾರಿ ಮುಂದೆ ಕಿರಿದಾಗುತ್ತೆ ಅನ್ನೋ ಭಯಕ್ಕೆ. ತೀರಾ ಹಿಂದೆ ಬಿದ್ದು ಗುಂಪಲ್ಲಿ ಸಿಕ್ಕಾಕೊಳ್ಳೋದೂ ಬೇಡ, ಆದ್ರೆ ಅವರ ಜೊತೆ ಸ್ಪ್ರಿಂಟ್ ಹೊಡೆಯೋದಂತೂ ಬೇಡವೇ ಬೇಡ, ಆಮೇಲೆ ಎರಡನೇ ಮೈಲಿಯಲ್ಲಿ ಜೀವ ಬಾಯಿಗೆ ಬರುತ್ತೆ. ಎರಡನೇ ಮೈಲಿಯಲ್ಲಿ ಯಾರೂ ಕೂಗಲ್ಲ, ಅಪ್ಪ ಅಮ್ಮಂದಿರೆಲ್ಲ ಸ್ಟಾರ್ಟಿಂದ ಫಿನಿಶ್ ಕಡೆ ಕೆಸರಲ್ಲಿ ಓಡ್ತಿರ್ತಾರೆ, ಮುಂದಿನವರು ಸುಸ್ತಾಗಿ ಸ್ವಲ್ಪ ನಿಧಾನ ಮಾಡಿರ್ತಾರೆ. ಅಲ್ಲಿ ಒಬ್ಬೊಬ್ಬಳನ್ನೇ ಹಿಡಿ. ಹಸಿರು ಜರ್ಸಿಯವಳು, ಆಯ್ತು, ಅವಳ ಮುಂದೆ ನೀಲಿ, ಆಯ್ತು, ಹಿಂಗೆ. ನಿಮ್ ಟೀಮಿನ ನಾಲ್ಕನೆಯವಳು ಕಣ್ಣಿಗೆ ಕಾಣೋ ದೂರದಲ್ಲಿದ್ರೆ ಇನ್ನೂ ಒಳ್ಳೇದು, ಅವಳ ಜಡೆ ನೋಡ್ಕೊಂಡು ಓಡು.

ವಾಚ್ ಹೋಟೆಲಲ್ಲೇ ಬಿಟ್ಟು ಬಾ ಅಂತ ನನ್ನ ಸಲಹೆ, ಕೋಚ್ ಬೇರೆ ಹೇಳಿದ್ರೆ ಅವರ ಮಾತು ಕೇಳು. ನಿಮ್ಮ ಸ್ಟೇಟ್ ಮೀಟ್ ನಡೆಯೋ ಪಿಯೋರಿಯಾದ ಡೆಟ್‌ವೈಲರ್ ಪಾರ್ಕ್ ಚಪ್ಪಟೆ ನೆಲ, ಒಳ್ಳೆ ಟೈಮ್ ಬರೋ ಜಾಗ, ಅಲ್ಲಿಯ ಟೈಮ್ ತಲೇಲಿಟ್ಕೊಂಡು ಇಲ್ಲಿಯ ಒದ್ದೆ ಹುಲ್ಲು ಏರಿಳಿತದಲ್ಲಿ ಓಡಿದ್ರೆ ಸುಮ್ನೆ ಬೇಜಾರು. ಇನ್ನೊಂದು ನೆನಪಿಟ್ಕೋ, ಇಲಿನಾಯ್ ಸ್ಟೇಟಲ್ಲಿ ನೀವು ಓಡೋದು ಮೂರು ಮೈಲಿ, ಇಲ್ಲಿ ಐದು ಕಿಲೋಮೀಟರ್, ಅಂದ್ರೆ ಮೂರು ಮೈಲಿ ಮುಗಿದ ಮೇಲೆ ಇನ್ನೂ 172 ಮೀಟರ್ ಇರುತ್ತೆ. ವರ್ಷವೆಲ್ಲಾ ಮೂರು ಮೈಲಿ ಓಡಿದ ಕಾಲು ಅಲ್ಲಿಗೆ ಸಾಕು ಅನ್ನುತ್ತೆ. ಆ 172 ಮೀಟರೇ ನಿಮ್ ಟೀಮಿಗೆ ಹತ್ತು ಪಾಯಿಂಟ್ ಇಳಿಸಬಹುದು ಅಥವಾ ಏರಿಸಬಹುದು. ಪ್ರಾಕ್ಟೀಸಲ್ಲಿ ಕೊನೇ ರೌಂಡ್ ಆದ ಮೇಲೆ ಒಂದಿನ ಅಷ್ಟು ದೂರ ಸುಮ್ನೆ ಓಡಿ ನೋಡು, ಎಷ್ಟು ಉದ್ದ ಅಂತ ಮೈಗೆ ಗೊತ್ತಾಗ್ಲಿ.

ಒಂದು ವರ್ಷ ನಾನು ಫಿನಿಶ್ ಹತ್ರ ಹಗ್ಗ ಹಿಡ್ಕೊಂಡು ನಿಂತಿದ್ದೆ. ಗೆದ್ದವಳು ಬಂದು ಎಷ್ಟೋ ಹೊತ್ತಾಗಿತ್ತು, ಅವಳ ಸುತ್ತ ಕ್ಯಾಮೆರಾ, ಮೈಕು. ಇತ್ತ ಕಡೆ ಗುಂಪು ಗುಂಪಾಗಿ ಬರ್ತಿದ್ರು, ಅದರಲ್ಲಿ ಒಂದು ಕೆಂಪು ಜರ್ಸಿ ಹುಡುಗಿ, ಮೊಣಕಾಲಿನವರೆಗೂ ಕೆಸರು, ರಿಬ್ಬನ್ ಒದ್ದೆಯಾಗಿ ಕೆನ್ನೆಗೆ ಅಂಟ್ಕೊಂಡಿದೆ, ಒಂದು ಕಾಲಿನ ಸಾಕ್ಸ್ ಜಾರಿ ಶೂ ಒಳಗೆ ಹೋಗಿದೆ. ಹಗ್ಗ ಶುರುವಾಗೋ ಕಡೆ ಅವಳ ಮುಂದೆ ನಾಲ್ಕು ಜನ ಇದ್ರು. ಒಬ್ಬಳನ್ನ ದಾಟಿದ್ಲು, ಇಬ್ಬರ ಮಧ್ಯೆ ತೂರಿದ್ಲು, ಕೊನೆಯವಳ ಜೊತೆ ಗೆರೆ ಮೇಲೆ ಎದೆ ಮುಂದೆ ಚಾಚಿ ಬಿದ್ದೇಬಿಟ್ಲು. ಅಂಗೈ ತರಚಿತ್ತು. ಯಾರೂ ಅವಳ ಹೆಸರು ಕೂಗ್ಲಿಲ್ಲ, ಅವರ ಕಡೆಯವರೆಲ್ಲ ಮೊದಲು ಬಂದ ಹುಡುಗೀರ ಹತ್ರ ಹೋಗಿದ್ರು ಅನ್ಸುತ್ತೆ. ಆಮೇಲೆ ರಿಸಲ್ಟ್ ನೋಡಿದ್ರೆ ಅವಳೇ ಅವರ ಐದನೆಯವಳು, ಅವರ ಟೀಮ್ ಪಕ್ಕದ ಟೀಮಿಗಿಂತ ಮೇಲೆ ಬಂದಿದ್ದು ಎರಡೇ ಎರಡು ಪಾಯಿಂಟಲ್ಲಿ. ಪ್ಲೇಸ್ ಲೆಕ್ಕಕ್ಕೆ ಬರೋದು ಎದೆ, ಕಾಲಲ್ಲ ಕೈಯಲ್ಲ, ಅದಕ್ಕೇ ಗೆರೆ ದಾಟೋವರೆಗೂ ನಿಲ್ಲಿಸ್ಬೇಡ, ಗೆರೆಗಿಂತ ಎರಡು ಹೆಜ್ಜೆ ಮುಂದೆ ಫಿನಿಶ್ ಇದೆ ಅಂದ್ಕೊಂಡು ಓಡು.

ಮತ್ತೆ ಮುಗಿದ ಕೂಡ್ಲೆ ಫೋನಲ್ಲಿ ನಿನ್ನ ಪ್ಲೇಸ್ 118 ಅಂತ ನೋಡಿ ಅಳಕ್ಕೆ ಶುರು ಮಾಡ್ಬೇಡ. ಟೀಮ್ ಸ್ಕೋರ್ ಹಾಕುವಾಗ ಒಬ್ಬೊಬ್ಬರಾಗಿ ಬಂದವರನ್ನೆಲ್ಲ ಲಿಸ್ಟಿಂದ ತೆಗೀತಾರೆ, ನಿನ್ನ ನಂಬರ್ ಅದಕ್ಕಿಂತ ಎಷ್ಟೋ ಕಮ್ಮಿ ಆಗಿರುತ್ತೆ. ಹೋದ ವರ್ಷ ಒಂದು ಹುಡುಗಿ ಬಾತ್‌ರೂಮ್ ಲೈನಲ್ಲಿ ಬಿಕ್ಕಿ ಬಿಕ್ಕಿ ಅಳ್ತಿದ್ಲು, ಅವಳ ಟೀಮಿನವರು ಬಂದು ನಾವು ಐದನೇ ಪ್ಲೇಸ್ ಕಣೆ ಅಂತ ಕೂಗಿ ಕರ್ಕೊಂಡು ಹೋದ್ರು!

ಈಗ ಅಪ್ಪನ ಮುಂದೆ ಓದ್ಬಾರದ ವಿಷ್ಯ. ಓಡೋ ಹುಡುಗೀರಲ್ಲಿ ತೆಳ್ಳಗಾದ್ರೆ ಫಾಸ್ಟ್ ಆಗ್ತೀವಿ ಅನ್ನೋ ಹುಚ್ಚು ಇರುತ್ತೆ, ನಿಂಗೂ ಯಾರಾದ್ರೂ ಹೇಳಿರ್ತಾರೆ. ಕೇಳ್ಬೇಡ. ಮುಟ್ಟು ತಿಂಗಳುಗಟ್ಟಲೆ ಬರದೆ ಇದ್ರೆ ಅದು ಫಿಟ್‌ನೆಸ್ ಅಲ್ಲ, ಓಡೋ ಅಷ್ಟು ತಿಂತಿಲ್ಲ ಅಂತ ಮೈ ಕೊಡ್ತಿರೋ ನೋಟೀಸು, ಅದು ಹಂಗೇ ಮುಂದುವರೆದ್ರೆ ಮೂಳೆ ಸವೆಯುತ್ತೆ, ಕಾಲಿನ ಮೂಳೆಯಲ್ಲಿ ಕೂದಲೆಳೆ ಬಿರುಕು ಬಿಡುತ್ತೆ. ಹಂಗೇನಾದ್ರೂ ಇದ್ರೆ ನಾಚ್ಕೋಬೇಡ, ಅಮ್ಮಂಗೆ ಹೇಳು, ಇಲ್ಲ ನಂಗೆ ಮೆಸೇಜ್ ಮಾಡು, ಡಾಕ್ಟರ್ ಹತ್ರ ಹೋಗೋಣ. ನಾವು ವೆಜಿಟೇರಿಯನ್ನರು ಬೇರೆ, ಓಡೋ ಹುಡುಗೀರಿಗೆ ಐರನ್ ಕಮ್ಮಿ ಆಗೋದು ತುಂಬಾ ಸಾಮಾನ್ಯ, ಹಿಮೋಗ್ಲೋಬಿನ್ ಸರಿ ಇದ್ರೂ ಫೆರಿಟಿನ್, ಅಂದ್ರೆ ಮೈ ಕೂಡಿಟ್ಕೊಂಡಿರೋ ಐರನ್ ಲೆಕ್ಕ, ತಳ ಮುಟ್ಟಿರಬಹುದು, ಆ ಟೆಸ್ಟ್ ಮಾಡ್ಸಿ ಅಂತ ಕೇಳು. ಡಾಕ್ಟರ್ ಮಾತ್ರೆ ಕೊಟ್ರೆ ಕಾಫಿ ಟೀ ಜೊತೆ ನುಂಗಬೇಡ, ಐರನ್ ಮೈಗೆ ಹತ್ತಲ್ಲ, ನಿಂಬೆ ರಸನೋ ಕಿತ್ತಳೆ ರಸನೋ ಕುಡಿ. ಡಾಕ್ಟರ್ ಹೇಳದೆ ನಿನ್ನಷ್ಟಕ್ಕೆ ನೀನೇ ಮಾತ್ರೆ ಶುರು ಮಾಡ್ಬೇಡ. ಊರಲ್ಲಿ ಅಜ್ಜಿಗೆ ಇದೆಲ್ಲ ಹೇಳಿದ್ರೆ ರಾಗಿ ಮುದ್ದೆ ತಿನ್ನಿಸಿ ಎಲ್ಲಾ ಸರಿ ಹೋಗುತ್ತೆ ಅಂತಾರೆ, ಮುದ್ದೆ ತಿನ್ನು, ಟೆಸ್ಟೂ ಮಾಡಿಸು.

ಅಪ್ಪಂದು ಒಂದು ಮಾತು. ಅವನು ಇದನ್ನ ಕಾಲೇಜ್ ಅಪ್ಲಿಕೇಶನ್ನಿಗೆ ಹೆಂಗೆ ಬರೀಬೇಕು ಅಂತ ಈಗಾಗ್ಲೇ ಪ್ಲಾನ್ ಹಾಕಿದಾನೆ, ನನ್ನ ತಮ್ಮ ಅಲ್ವಾ, ಗೊತ್ತು ನಂಗೆ. ಬರ್ಕೊಳ್ಲಿ ಬಿಡು. ನೀನು ಗೆರೆ ಮೇಲೆ ನಿಂತಾಗ ಅದು ತಲೇಲಿರೋದು ಬೇಡ. ನಿನ್ನ ಪಕ್ಕ ಆರು ಹುಡುಗೀರು ಇರ್ತಾರಲ್ಲ, ಜುಲೈ ಬಿಸಿಲಲ್ಲಿ ಬೆಳಗ್ಗೆ ಆರಕ್ಕೆ ಎದ್ದು ನಿನ್ನ ಜೊತೆ ಓಡಿದೋರು, ಅವರು ಇದ್ರೆ ಸಾಕು. ಆರನೆಯವಳು ಏಳನೆಯವಳಿಗೂ ಒಂದು ಒಳ್ಳೆ ಮಾತಾಡು, ಅವರ ಪ್ಲೇಸ್ ಕೂಡಿಸಲ್ಲ ನಿಜ, ಆದ್ರೆ ಅವರು ಬೇರೆ ಟೀಮಿನ ಐದನೆಯವಳಿಗಿಂತ ಮುಂದೆ ಬಂದ್ರೆ ಆ ಟೀಮಿನ ಸ್ಕೋರ್ ಏರುತ್ತೆ, ಸಮ ಬಂದ್ರೆ ನೋಡೋದೂ ಆರನೆಯವಳನ್ನೇ. ನಿಂಗೆ ಆವತ್ತು ಕಾಲು ಹಿಡ್ಕೊಂಡ್ರೆ ಐದನೆಯವಳು ಆಗೋದೂ ಅವಳೇ.

ಸ್ಕೂಲ್ ಹೆಸರಲ್ಲಿ ಓಡಕ್ಕೆ ಬಿಡಲ್ಲ, ಕ್ಲಬ್ ಹೆಸರಿಟ್ಕೊಂಡು ಬರ್ಬೇಕು ಅಂತ ನಿಮ್ಮ ಹುಡುಗೀರಿಗೆ ಬೇಜಾರು ಅಂತೆ. ಸ್ಟೇಟ್ ಮೀಟಿಗೆ ಸ್ಕೂಲ್ ಸೀಸನ್ ಮುಗೀತು ಅನ್ನೋದು ರೂಲ್ಸು, ತುಂಬಾ ಕಡೆಯವರದ್ದೂ ಇದೇ ಗೋಳು. 2004ರಲ್ಲಿ ಈ ಮೀಟ್ ಮೊದಲ ಸಲ ನಡೆದಾಗ ಗೆದ್ದ ಹುಡುಗ್ರು ನಿಮ್ಮ ಇಲಿನಾಯ್‌ನವರೇ, ಎಲ್ಮ್‌ಹರ್ಸ್ಟಿನ ಯಾರ್ಕ್ ಹೈಸ್ಕೂಲು, ಜೋ ನ್ಯೂಟನ್ ಕೋಚು. ಅವರೇನು ಮಾಡಿದ್ರು ಗೊತ್ತಾ, ಸ್ಕೂಲ್ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನ ಉಲ್ಟಾ ಮಾಡಿ ಕ್ರಾಯ್ ಅಂತ ಇಟ್ಕೊಂಡು ಓಡಿದ್ರು! 2007ರಲ್ಲಿ ನಿಮ್ಮ ನೇಪರ್‌ವಿಲ್ಲಿನ ನೀಕ್ವಾ ವ್ಯಾಲಿ ಹುಡುಗ್ರೂ ಗೆದ್ದಿದಾರೆ. ನೀವೂ ಏನಾದ್ರೂ ತಮಾಷೆ ಹೆಸರು ಇಟ್ಕೊಳ್ಳಿ.

ಇನ್ನು ಸಣ್ಣ ಪುಟ್ಟದ್ದು. ಶುಕ್ರವಾರದ ಹೊತ್ತಿಗೆ ಇಲ್ಲಿ ಶೂ, ಜಾಕೆಟ್ಟು, ಬ್ಯಾಗು ಅಂತ ಏನೇನೋ ಕೊಡ್ತಾರೆ, ಹುಡುಗೀರೆಲ್ಲ ಕುಣಿದಾಡ್ತಾರೆ, ನೀನೂ ಕುಣಿ. ಆದ್ರೆ ಹೊಸ ಸ್ಪೈಕ್ಸ್, ಅದೇ ಮೊಳೆ ಶೂ, ಹಾಕ್ಕೊಂಡು ರೇಸ್ ಓಡ್ಬೇಡ, ಟೆರಾ ಹೋಟಲ್ಲಿ ಓಡಿದ ಹಳೇದನ್ನೇ ಹಾಕ್ಕೋ, ಹಿಮ್ಮಡಿ ಸುಲಿದ್ರೆ ಕೆಸರಲ್ಲಿ ನರಕ. ಉದ್ದ ಪಿನ್ನುಗಳು ಮತ್ತೆ ಅದನ್ನ ತಿರುಗಿಸೋ ಕೀ ಮನೆಯಿಂದಲೇ ತಗೊಂಡು ಬಾ, ಮಳೆ ಬಂದ್ರೆ ಇಲ್ಲಿ ಎಲ್ಲರೂ ಅದನ್ನೇ ಹುಡುಕ್ತಿರ್ತಾರೆ. ಲೇಸ್ ಎರಡು ಗಂಟು ಹಾಕು. ನಮಗೆ ನಿಮಗಿಂತ ಎರಡು ಗಂಟೆ ಹಿಂದೆ, ಬೆಳಗ್ಗೆ ನಾಲ್ಕಕ್ಕೇ ಎಚ್ಚರ ಆಗುತ್ತೆ, ಗಾಬರಿ ಆಗ್ಬೇಡ, ಸುಮ್ನೆ ಮಲಗಿರು, ಫೋನ್ ನೋಡ್ಬೇಡ. ಶುಕ್ರವಾರ ರಾತ್ರಿ ಹೋಟೆಲಲ್ಲಿ ಏನೇನೋ ಇಟ್ಟಿರ್ತಾರೆ, ಹೊಸದು ಟ್ರೈ ಮಾಡ್ಬೇಡ, ನಾನು ಮೊಸರನ್ನ ಕಲಸಿ ಡಬ್ಬಿ ತಂದು ಕೊಡ್ತೀನಿ, ಒಗ್ಗರಣೆಗೆ ಮೆಣಸಿನಕಾಯಿ ಹಾಕಲ್ಲ.

ಶನಿವಾರ ಸಾಯಂಕಾಲ ಇಡೀ ಟೀಮ್ ನಮ್ಮನೆಗೆ ಬರ್ಬೇಕು, ಕೋಚನ್ನೂ ಕರ್ಕೊಂಡು ಬಾ, ಮಾವ ದೊಡ್ಡ ವ್ಯಾನ್ ಅರೇಂಜ್ ಮಾಡ್ತಾರಂತೆ. ಬಿಸಿಬೇಳೆ ಬಾತ್ ಮಾಡ್ತೀನಿ, ಖಾರ ಆಗದವರಿಗೆ ಬೇರೆ. ಎಷ್ಟು ಜನಕ್ಕೆ ನಟ್ಸ್ ಅಲರ್ಜಿ ಇದೆ ಅಂತ ಬುಧವಾರದೊಳಗೆ ಮೆಸೇಜ್ ಮಾಡು, ಗೋಡಂಬಿ ಹಾಕ್ಬೇಕೋ ಬೇಡ್ವೋ ನೋಡ್ಕೋಬೇಕು.

ನಿನ್ನ ಅತ್ತೆ